ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ನಮ್ಮ ಊಟ: ತಟ್ಟೆಯಲ್ಲಿ ಬದಲಿಸಬೇಕಾದದ್ದು, ಅಂಗಡಿಯಲ್ಲೇ ಬಿಟ್ಟು ಬರಬೇಕಾದದ್ದು

ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮಾತ್ರ ಇರುವ, ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿರುವ ಸಣ್ಣ ಗ್ರಂಥಿ. ಜಗತ್ತಿನಲ್ಲಿ 2022ರ ಒಂದೇ ವರ್ಷ ಸುಮಾರು 14.7 ಲಕ್ಷ ಗಂಡಸರಲ್ಲಿ ಈ ಗ್ರಂಥಿಯ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸುಮಾರು 4 ಲಕ್ಷ ಮಂದಿ ಅದರಿಂದ ಸತ್ತರು. ಯುರೋಪ್ ಮತ್ತು ಅಮೆರಿಕಗಳಿಗೆ ಹೋಲಿಸಿದರೆ ಭಾರತದಲ್ಲಿ ಇದರ ಪ್ರಮಾಣ ಈಗಲೂ ಕಡಿಮೆಯೇ. ಆದರೂ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ನಿರ್ವಹಿಸುವ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲಿ ಇದು ಗಂಡಸರ ಮುಂಚೂಣಿಯ ಕ್ಯಾನ್ಸರ್‌ಗಳ ಸಾಲಿಗೆ ಸೇರಿದೆ. ಆಯುಸ್ಸು ಹೆಚ್ಚಿದಂತೆ ಈ ಸಂಖ್ಯೆಯೂ ಏರುತ್ತದೆ. 2040ರ ಹೊತ್ತಿಗೆ ಜಗತ್ತಿನಲ್ಲಿ ವರ್ಷಕ್ಕೆ 29 ಲಕ್ಷ ಹೊಸ ರೋಗಿಗಳಾಗುತ್ತಾರೆ ಎಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಅಂದಾಜಿಸಿತು.

ಈ ರೋಗದ ಅಪಾಯವನ್ನು ನಿರ್ಧರಿಸುವ ದೊಡ್ಡ ಸಂಗತಿಗಳು ಊಟದ ತಟ್ಟೆಯಲ್ಲಿಲ್ಲ. ವಯಸ್ಸು ಮೊದಲನೆಯದು. ತಂದೆಗೋ ಒಡಹುಟ್ಟಿದ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ದರೆ ಅಪಾಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸ್ತನ ಕ್ಯಾನ್ಸರ್‌ನ ಸಂಬಂಧದಲ್ಲಿ ಹೆಚ್ಚಾಗಿ ಕೇಳಿಬರುವ ಬಿಆರ್‌ಸಿಎ 2 ಎಂಬ ವಂಶವಾಹಿಯ ದೋಷವು ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರನ್ನೂ ಹೆಚ್ಚಿಸುತ್ತದೆ, ಆದ್ದರಿಂದ ತಾಯಿಯ ಕಡೆಯ ಕುಟುಂಬದ ಇತಿಹಾಸವನ್ನೂ ವಿಚಾರಿಸಬೇಕು. ಹೀಗಿದ್ದರೂ ಆಹಾರದ ಪ್ರಶ್ನೆ ಎದ್ದದ್ದಕ್ಕೆ ಕಾರಣವಿದೆ. ಜಪಾನಿನಲ್ಲಿ ಈ ರೋಗ ಬಹಳ ಕಡಿಮೆಯಿದ್ದ ಕಾಲದಲ್ಲೇ, ಅಲ್ಲಿಂದ ಹವಾಯಿಗೂ ಅಮೆರಿಕದ ಮುಖ್ಯಭೂಮಿಗೂ ವಲಸೆ ಹೋದವರಲ್ಲಿ ಮತ್ತು ಅವರ ಮಕ್ಕಳಲ್ಲಿ ಪ್ರಮಾಣ ಏರಿತು. ವಂಶವಾಹಿ ಅದೇ ಆಗಿದ್ದು ಬದುಕುವ ಬಗೆ ಬದಲಾದಾಗ ರೋಗವೂ ಬದಲಾಯಿತೆಂದರೆ, ತಿನ್ನುವುದರಲ್ಲಿ ಏನೋ ಇರಬೇಕೆಂಬ ಸಂಶಯ ಸಹಜವಾಗಿತ್ತು. ಆ ‘ಏನೋ’ ಯಾವುದೆಂದು ಹುಡುಕಿದ ದಶಕಗಳ ಸಂಶೋಧನೆಯಲ್ಲಿ ಯಾವ ಒಂದು ತರಕಾರಿಯೂ ಹಣ್ಣೂ ಕಾಳೂ ರಕ್ಷಾಕವಚವೆಂದು ಸಾಬೀತಾಗಲಿಲ್ಲ. ಗಟ್ಟಿಯಾಗಿ ನಿಂತದ್ದು ದೇಹದ ಬೊಜ್ಜಿಗೂ ಮುಂದುವರಿದ ಹಂತದ ಕ್ಯಾನ್ಸರಿಗೂ ಇರುವ ನಂಟು ಮಾತ್ರ. ಈ ಲೇಖನದ ಮೊದಲ ಹೆಜ್ಜೆಯೂ ಆ ಪುರಾವೆಯನ್ನೇ ಅನುಸರಿಸಿದೆ.

ಮೊದಲ ಹೆಜ್ಜೆ: ಅಳತೆಪಟ್ಟಿ

ಮೊದಲು ಸೊಂಟದ ಸುತ್ತಳತೆ ತೆಗೆಯಿರಿ. ಪ್ಯಾಂಟಿನ ಸೈಜು ನಂಬಬೇಡಿ. ಹೊಟ್ಟೆ ಮುಂದೆ ಬಂದಂತೆಲ್ಲ ಪ್ಯಾಂಟು ಅದರ ಕೆಳಗೆ ಸರಿಯುವುದರಿಂದ ಸೈಜು ವರ್ಷಗಟ್ಟಲೆ ಬದಲಾಗದೆ ಉಳಿಯಬಹುದು. ಅಂಗಿ ತೆಗೆದು ನಿಂತು, ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪನ್ನು ಅಡ್ಡಲಾಗಿ ಸುತ್ತಿ, ಸಹಜವಾಗಿ ಉಸಿರು ಬಿಟ್ಟ ಕ್ಷಣದಲ್ಲಿ ಓದಬೇಕು. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್ ಮಿತಿ. ಬಳಿಕ ತೂಕವನ್ನು ಕಿಲೋಗ್ರಾಂನಲ್ಲಿ ಬರೆದು, ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು ಅದರ ವರ್ಗದಿಂದ ಭಾಗಿಸಿರಿ. 168 ಸೆಂಟಿಮೀಟರ್ ಎತ್ತರದ, 74 ಕಿಲೋ ತೂಕದ ವ್ಯಕ್ತಿಗೆ ಉತ್ತರ, ಅಂದರೆ ದೇಹತೂಕದ ಸೂಚ್ಯಂಕ (ಬಿಎಂಐ), 26.2 ಬರುತ್ತದೆ. ಪಾಶ್ಚಾತ್ಯ ಕೋಷ್ಟಕದ ಪ್ರಕಾರ ಇವರಿಗೆ ತುಸು ತೂಕ ಹೆಚ್ಚು, ಅಷ್ಟೆ. ಆದರೆ ನಮ್ಮವರಿಗೆ ತಕ್ಕ ಅಳತೆಯಲ್ಲಿ 23ರಿಂದಲೇ ಅಧಿಕ ತೂಕ, 25ರಿಂದ ಬೊಜ್ಜು ಎಂದು ಎಣಿಕೆ.

ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯು 2014ರಲ್ಲಿ ಆವರೆಗಿನ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ, ಈ ಸೂಚ್ಯಂಕ 5 ಅಂಕ ಏರಿದರೆ ಮುಂದುವರಿದ ಹಂತದ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯ ಶೇ. 8ರಷ್ಟು ಹೆಚ್ಚುತ್ತದೆಂದು ಕಂಡುಬಂದಿತು. ‘ಮುಂದುವರಿದ ಹಂತ’ ಎಂಬ ಮಾತನ್ನು ಗಮನಿಸಬೇಕು. ಈ ಕ್ಯಾನ್ಸರಿನಲ್ಲಿ ಹಲವು ಗಡ್ಡೆಗಳು ಬಲು ನಿಧಾನವಾಗಿ ಬೆಳೆದು, ರೋಗಿಯು ಬೇರೆ ಕಾರಣದಿಂದ ಸಾಯುವವರೆಗೂ ತೊಂದರೆ ಕೊಡದೆ ಇರುತ್ತವೆ. ಕೆಲವು ಮಾತ್ರ ಗ್ರಂಥಿಯ ಗೋಡೆ ದಾಟಿ ಮೂಳೆಗೆ ಹರಡುತ್ತವೆ. ಬೊಜ್ಜು ಜೋಡಿಯಾಗಿರುವುದು ಈ ಎರಡನೆಯ ಬಗೆಯ ಜೊತೆಗೆ. ಹೊಟ್ಟೆಯ ಸುತ್ತ ಕೊಬ್ಬು ತುಂಬಿದಾಗ ರಕ್ತದಲ್ಲಿ ಇನ್ಸುಲಿನ್ ಏರುವುದು, ಕೋಶಗಳ ಬೆಳವಣಿಗೆಯನ್ನು ಪ್ರಚೋದಿಸುವ ಅಂಶಗಳು ಹೆಚ್ಚುವುದು, ಹಾರ್ಮೋನುಗಳ ಸಮತೋಲ ಏರುಪೇರಾಗುವುದು, ಒಳಗೊಳಗೇ ಉರಿಯೂತ ಮುಂದುವರಿಯುವುದು ಇದಕ್ಕೆ ಕಾರಣಗಳಿರಬಹುದೆಂದು ವಿಜ್ಞಾನಿಗಳು ತಿಳಿಯುತ್ತಾರೆ. ಇದರ ಜೊತೆಗೆ, ದಪ್ಪ ಮೈಯವರಲ್ಲಿ ರಕ್ತದ ಒಟ್ಟು ಪ್ರಮಾಣ ಹೆಚ್ಚಿರುವುದರಿಂದ, ಪ್ರಾಸ್ಟೇಟ್ ಗ್ರಂಥಿ ಬಿಡುವ ಒಂದು ಪ್ರೋಟೀನನ್ನು ರಕ್ತದಲ್ಲಿ ಅಳೆಯುವ ಪಿಎಸ್‌ಎ ಪರೀಕ್ಷೆಯ ಅಂಕ ತೆಳುವಾಗಿ ಕಡಿಮೆ ಕಾಣಬಹುದು, ಹಾಗಾಗಿ ರೋಗ ಪತ್ತೆಯಾಗುವುದೂ ತಡವಾಗಬಹುದು.

ಎರಡನೆಯ ಹೆಜ್ಜೆ: ಎಣ್ಣೆ, ಸಕ್ಕರೆ, ಅನ್ನದ ಲೆಕ್ಕ

ಒಂದು ವಾರ ತಿಂದದ್ದನ್ನೆಲ್ಲ ಬರೆದಿಡಿ. ಕಾಫಿಗೆ ಹಾಕಿದ ಸಕ್ಕರೆಯನ್ನೂ, ಆಫೀಸಿನ ಎದುರಿನ ಬೇಕರಿಯ ಪಫ್ಸನ್ನೂ, ರಾತ್ರಿ ಟೀವಿಯ ಮುಂದಿನ ಚಕ್ಕುಲಿಯನ್ನೂ ಬಿಡದಂತೆ. ತಿಂಡಿಯ ತಟ್ಟೆಗಿಂತ ಅದರ ಸುತ್ತಮುತ್ತ ತಿಂದದ್ದೇ ಹೆಚ್ಚಾಗಿರುವುದು ಆ ಹಾಳೆಯಲ್ಲಿ ಸಾಮಾನ್ಯವಾಗಿ ಕಾಣುತ್ತದೆ.

ಎಣ್ಣೆಯನ್ನು ದಿನದ ಲೆಕ್ಕದಲ್ಲಿ ಹಿಡಿಯುವುದು ಕಷ್ಟ, ತಿಂಗಳ ದಿನಸಿ ಚೀಟಿಯಲ್ಲಿ ಹಿಡಿಯುವುದು ಸುಲಭ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು, 2000 ಕ್ಯಾಲೊರಿಯ ದಿನದ ಊಟದಲ್ಲಿ ಒಬ್ಬರಿಗೆ 27 ಗ್ರಾಂ ಎಣ್ಣೆ ಮತ್ತು ಕೊಬ್ಬು ಸಾಕೆನ್ನುತ್ತದೆ. ನಾಲ್ವರ ಮನೆಗೆ ತಿಂಗಳಿಗೆ ಇದು ಮೂರೂವರೆ ಲೀಟರ್ ಆಗುತ್ತದೆ. ತುಪ್ಪ, ಬೆಣ್ಣೆಯೂ ಇದರೊಳಗೇ ಸೇರಬೇಕು. ಐದಾರು ಲೀಟರ್ ತರುವ ಮನೆಗಳಲ್ಲಿ ಒಗ್ಗರಣೆಯ ಸೌಟನ್ನು ಚಿಕ್ಕದು ಮಾಡುವುದು, ಕರಿದದ್ದನ್ನು ಹಬ್ಬಕ್ಕೆ ಮೀಸಲಿಡುವುದು, ಎಣ್ಣೆಗಾಯಿಯನ್ನು ಅದರ ಹೆಸರಿಗೆ ತಕ್ಕಂತೆ ಮಾಡದಿರುವುದು ಇವೇ ಮೊದಲ ತಿಂಗಳಿಗೆ ಸಾಕಷ್ಟು ಕೆಲಸ.

ಮೂರನೆಯ ಹೆಜ್ಜೆ: ತಟ್ಟೆಯ ಅರ್ಧ

ಅದೇ ಮಾರ್ಗಸೂಚಿಯು ದಿನಕ್ಕೆ 400 ಗ್ರಾಂ ತರಕಾರಿ ಸೊಪ್ಪು, 100 ಗ್ರಾಂ ಹಣ್ಣು, 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು ಅಥವಾ ಮೊಟ್ಟೆ ಮಾಂಸ ಎಂದು ಹೇಳುತ್ತದೆ. ನಮ್ಮ ರೂಢಿಯ ಊಟದಲ್ಲಿ ಅನ್ನವೇ ತಟ್ಟೆಯ ಒಡೆಯ. ಪಲ್ಯ ಅಂಚಿನಲ್ಲಿ ಬಡಿಸುವ ನೆಂಟ. ಇದನ್ನು ಸರಿಪಡಿಸಲು ಹೊಸ ಪಾಕಶಾಸ್ತ್ರ ಬೇಕಿಲ್ಲ, ಬಡಿಸುವ ಕ್ರಮ ಬದಲಾದರೆ ಸಾಕು: ಮೊದಲು ಪಲ್ಯವನ್ನೂ ಕೋಸಂಬರಿಯನ್ನೂ ಅರ್ಧ ತಟ್ಟೆಗೆ ಹಾಕಿಕೊಂಡು, ಉಳಿದ ಜಾಗದಲ್ಲಿ ಮುದ್ದೆ, ರೊಟ್ಟಿ ಅಥವಾ ಅನ್ನಕ್ಕೆ ಎಡೆ ಮಾಡಿಕೊಳ್ಳಬೇಕು. ಹಳೆಯ ಮೈಸೂರು ಸೀಮೆಯ ಬಸ್ಸಾರು ಈ ದೃಷ್ಟಿಯಿಂದ ಬಹಳ ಜಾಣ ಅಡುಗೆ. ಸೊಪ್ಪು ಮತ್ತು ಕಾಳನ್ನು ಒಟ್ಟಿಗೆ ಬೇಯಿಸಿ, ಬಸಿದ ನೀರಿನಿಂದ ಸಾರು, ಉಳಿದದ್ದರಿಂದ ಪಲ್ಯ ಮಾಡುವುದರಿಂದ ಒಂದೇ ಒಲೆಯ ಕೆಲಸದಲ್ಲಿ ನಾರೂ ಪ್ರೋಟೀನೂ ತಟ್ಟೆಗೆ ಬರುತ್ತವೆ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯ ಜೊತೆ ಕಾಳಿನ ಪಲ್ಯ, ಹಸಿ ಮೆಂತ್ಯ ಸೊಪ್ಪು, ಸೌತೆ, ಮೂಲಂಗಿ ತಿನ್ನುವ ವಾಡಿಕೆ ಇದ್ದೇ ಇದೆ; ಅದನ್ನು ಪೇಟೆಗೆ ಬಂದ ಮೇಲೂ ಬಿಡದಿದ್ದರಾಯಿತು.

ಹೂಕೋಸು, ಎಲೆಕೋಸು, ನವಿಲುಕೋಸು, ಮೂಲಂಗಿಗಳಂಥ ತರಕಾರಿಗಳು ಈ ಕ್ಯಾನ್ಸರನ್ನು ತಡೆಯುತ್ತವೆಂಬ ಮಾತು ಬಹಳ ಪ್ರಚಾರದಲ್ಲಿದೆ. ಪ್ರಯೋಗಾಲಯದಲ್ಲಿ ಇವುಗಳ ಸತ್ವ ಕುತೂಹಲಕರವಾಗಿ ವರ್ತಿಸುವುದು ನಿಜ. ಮನುಷ್ಯರಲ್ಲಿ ಪುರಾವೆ ದುರ್ಬಲ. ತಿನ್ನಲು ಬೇರೆ ನೂರು ಕಾರಣಗಳಿರುವುದರಿಂದ ತಿನ್ನಿರಿ.

ಉತ್ತರ ಕರ್ನಾಟಕದ ಅಗಸೆ ಚಟ್ನಿಯ ಬಗ್ಗೆ ಪ್ರತ್ಯೇಕವಾಗಿ ಒಂದು ಮಾತು. ಅಮೆರಿಕದಲ್ಲಿ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ 161 ರೋಗಿಗಳಲ್ಲಿ ನಡೆಸಿದ, 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ದಿನಕ್ಕೆ 30 ಗ್ರಾಂ ಅಗಸೆಬೀಜದ ಪುಡಿ ತಿಂದವರ ಗಡ್ಡೆಯ ಕೋಶಗಳು ನಿಧಾನವಾಗಿ ವಿಭಜನೆಯಾಗುತ್ತಿದ್ದುದು ಕಂಡಿತು. ಸಣ್ಣ ಪ್ರಯೋಗ, ಕೆಲವೇ ವಾರಗಳ ಅವಧಿ; ಇದರಿಂದ ರೋಗ ತಪ್ಪುತ್ತದೆಂದು ಹೇಳಲಾಗದು. ಆದರೆ ರೊಟ್ಟಿಯ ಜೊತೆ ದಿನವೂ ಒಂದು ಚಮಚ ಅಗಸೆ ಚಟ್ನಿ ತಿನ್ನುವವರು ಅದನ್ನು ನಿಲ್ಲಿಸಲು ಕಾರಣವೂ ಇಲ್ಲ.

ನಾಲ್ಕನೆಯ ಹೆಜ್ಜೆ: ಟೊಮೆಟೊವನ್ನು ಅದರ ಜಾಗದಲ್ಲಿಡುವುದು

ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಎಂಬ ಅಂಶವು, ಹಣ್ಣನ್ನು ಎಣ್ಣೆಯ ಜೊತೆ ಬೇಯಿಸಿದಾಗ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಅಮೆರಿಕದ ಆರೋಗ್ಯ ವೃತ್ತಿಯ ಗಂಡಸರನ್ನು ದೀರ್ಘಕಾಲ ಗಮನಿಸಿದ ಅಧ್ಯಯನವೊಂದು 1995ರಲ್ಲಿ, ಟೊಮೆಟೊ ಸಾಸ್ ಹೆಚ್ಚು ತಿಂದವರಲ್ಲಿ ಈ ಕ್ಯಾನ್ಸರ್ ಕಡಿಮೆಯೆಂದು ವರದಿ ಮಾಡಿದ ಮೇಲೆ ಲೈಕೋಪೀನ್ ಮಾತ್ರೆಗಳ ಮಾರುಕಟ್ಟೆಯೇ ಹುಟ್ಟಿತು. ಆದರೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ತಜ್ಞರು ಎಲ್ಲ ಅಧ್ಯಯನಗಳನ್ನೂ ಜರಡಿ ಹಿಡಿದು 2007ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಲೈಕೋಪೀನಿನ ಪರವಾಗಿ ನಂಬಲರ್ಹ ಪುರಾವೆಯಿಲ್ಲವೆಂದೂ, ಟೊಮೆಟೊ ಹಣ್ಣಿನ ಪರವಾಗಿ ಇರುವುದು ಅತ್ಯಲ್ಪವೆಂದೂ ಹೇಳಿದರು. ದಿನವೂ ಸಾರು, ಗೊಜ್ಜು ಮಾಡುವ ಮನೆಗೆ ಟೊಮೆಟೊ ಹೇಗೂ ಬರುತ್ತದೆ. ಮಾತ್ರೆಗೆ ದುಡ್ಡು ಕೊಡಬೇಡಿ.

ಐದನೆಯ ಹೆಜ್ಜೆ: ಹಾಲು ಮತ್ತು ಸುಣ್ಣದ ಅಂಶ

ನಮ್ಮ ಓದುಗರಿಗೆ ಅತಿ ಹೆಚ್ಚು ಗೊಂದಲವಾಗುವುದು ಇಲ್ಲಿ. ಹಾಲಿನ ಪದಾರ್ಥಗಳನ್ನೂ ಕ್ಯಾಲ್ಸಿಯಂ ಅನ್ನೂ ಬಹಳ ಹೆಚ್ಚಾಗಿ ಸೇವಿಸುವ ಪಾಶ್ಚಾತ್ಯ ಗಂಡಸರಲ್ಲಿ ಈ ಕ್ಯಾನ್ಸರ್ ತುಸು ಹೆಚ್ಚೆಂದು ಹಲವು ಅಧ್ಯಯನಗಳು ತೋರಿಸಿವೆ. ಆದರೆ ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯೇ ಈ ಪುರಾವೆಯನ್ನು ‘ಸೀಮಿತ’ ಎಂಬ ವರ್ಗದಲ್ಲಿಟ್ಟಿದೆ. ಅಂದರೆ ಸಂಶಯಕ್ಕೆ ಆಸ್ಪದವಿದೆ, ತೀರ್ಪಿಗೆ ಸಾಲದು. ಅಪಾಯದ ಸೂಚನೆ ಕಾಣುವುದು ದಿನಕ್ಕೆ 1500ರಿಂದ 2000 ಮಿಲಿಗ್ರಾಂ ಮತ್ತು ಅದಕ್ಕೂ ಮೇಲಿನ ಕ್ಯಾಲ್ಸಿಯಂನಲ್ಲಿ. ಭಾರತೀಯ ವಯಸ್ಕರಿಗೆ ದಿನಕ್ಕೆ ಬೇಕಾದದ್ದು 1000 ಮಿಲಿಗ್ರಾಂ.

ಲೆಕ್ಕ ಹಾಕಿ ನೋಡಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. 300 ಮಿಲಿಲೀಟರ್ ಹಸುವಿನ ಹಾಲಿನಲ್ಲೋ ಅಷ್ಟೇ ಹಾಲಿನ ಮೊಸರಿನಲ್ಲೋ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ಸೊಪ್ಪು, ಕಾಳು, ಎಳ್ಳು ಸೇರಿದರೆ ಮುದ್ದೆ ಮೊಸರು ತಿನ್ನುವವರ ದಿನದ ಲೆಕ್ಕ ಸಾವಿರದ ಆಸುಪಾಸಿಗೆ ಬರುತ್ತದೆ, ಅಪಾಯದ ಮಟ್ಟದಿಂದ ದೂರವೇ ಉಳಿಯುತ್ತದೆ. ಅನ್ನ ತಿನ್ನುವ, ಹಾಲು ಕುಡಿಯದ ಮನೆಯಲ್ಲಿ ಕೊರತೆಯೇ ಆಗಬಹುದು. ಆದ್ದರಿಂದ ಕ್ಯಾನ್ಸರಿನ ಹೆದರಿಕೆಯಿಂದ ಹಾಲು ಮೊಸರು ಬಿಡಬೇಕಾಗಿಲ್ಲ. ಸಸ್ಯಾಹಾರಿಗಳಿಗಂತೂ ಬಿ12 ಜೀವಸತ್ವ ಸಿಗುವುದು ಬಹುಮಟ್ಟಿಗೆ ಅದರಿಂದಲೇ. ಎಚ್ಚರ ಬೇಕಾದದ್ದು ದಿನಕ್ಕೆ ಲೀಟರ್‌ಗಟ್ಟಲೆ ಹಾಲು, ಮೇಲೊಂದಿಷ್ಟು ಪನೀರು, ಅದರ ಜೊತೆ ಯಾರೂ ಬರೆದುಕೊಡದ ಕ್ಯಾಲ್ಸಿಯಂ ಮಾತ್ರೆ ಎಂಬ ರೂಢಿಯಿರುವವರಿಗೆ. ವೈದ್ಯರು ಮೂಳೆಯ ಸವೆತಕ್ಕೆ ಬರೆದುಕೊಟ್ಟ ಮಾತ್ರೆಯನ್ನು ಈ ಲೇಖನ ಓದಿ ನಿಲ್ಲಿಸಬಾರದು.

ಆರನೆಯ ಹೆಜ್ಜೆ: ಮಾಂಸ, ಮೀನು

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರಲ್ಲಿ ಸಾಸೇಜ್, ಬೇಕನ್, ಸಲಾಮಿಗಳಂಥ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕವೆಂದೂ, ಕುರಿ, ಆಡು, ದನ, ಹಂದಿಗಳ ಕೆಂಪು ಮಾಂಸವನ್ನು ಬಹುಶಃ ಕ್ಯಾನ್ಸರ್‌ಕಾರಕವೆಂದೂ ವರ್ಗೀಕರಿಸಿತು. ಈ ತೀರ್ಮಾನಕ್ಕೆ ಮುಖ್ಯ ಆಧಾರ ದೊಡ್ಡ ಕರುಳಿನ ಕ್ಯಾನ್ಸರ್. ಕೆಂಪು ಮಾಂಸಕ್ಕೂ ಪ್ರಾಸ್ಟೇಟ್ ಕ್ಯಾನ್ಸರಿಗೂ ನಂಟಿನ ಸೂಚನೆ ಕಂಡರೂ ಅದು ಅಷ್ಟು ಬಲವಾದದ್ದಲ್ಲ. ಬೆಂದ ಕೆಂಪು ಮಾಂಸವನ್ನು ವಾರಕ್ಕೆ 350ರಿಂದ 500 ಗ್ರಾಂ ಒಳಗಿಟ್ಟುಕೊಂಡರೆ ಸಾಕು ಎಂಬುದು ತಜ್ಞರ ಸಲಹೆ. ಭಾನುವಾರದ ಮಟನ್ ಸಾರು ಸಾಮಾನ್ಯವಾಗಿ ಈ ಮಿತಿಯೊಳಗೇ ಬರುತ್ತದೆ. ಹೆಚ್ಚು ಯೋಚಿಸಬೇಕಾದದ್ದು ಬೇಯಿಸುವ ಬಗೆಯನ್ನು: ನೇರ ಉರಿಯ ಮೇಲೆ ಕಪ್ಪಾಗುವಷ್ಟು ಸುಟ್ಟ ಮಾಂಸದಲ್ಲಿ ವಂಶವಾಹಿಗೆ ಹಾನಿ ಮಾಡುವ ರಾಸಾಯನಿಕಗಳು ಹುಟ್ಟುತ್ತವೆ, ನೀರಿನಲ್ಲಿ ಕುದಿಸಿದಾಗ ಅವು ಬಹಳ ಕಡಿಮೆ. ಸಾರಿನ ಪಾತ್ರೆ ಕಬಾಬಿನ ಸರಳಿಗಿಂತ ಮೇಲು.

ಕರಾವಳಿಯವರು ಬಂಗುಡೆ, ಬೂತಾಯಿಗಳನ್ನು ನಿಶ್ಚಿಂತೆಯಿಂದ ತಿನ್ನಬಹುದು, ಕರಿಯುವುದಕ್ಕಿಂತ ಪುಳಿಮುಂಚಿ ಮಾಡಿದರೆ ಇನ್ನೂ ಒಳ್ಳೆಯದು. ಮೀನೆಣ್ಣೆಯ ಕ್ಯಾಪ್ಸೂಲ್ ಬೇರೆ ಮಾತು. ಅಮೆರಿಕದಲ್ಲಿ 25,871 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಅದಾಗಲಿ, ಡಿ ಜೀವಸತ್ವದ ಮಾತ್ರೆಯಾಗಲಿ ಕ್ಯಾನ್ಸರ್ ಬರುವುದನ್ನು ಕಡಿಮೆ ಮಾಡಲಿಲ್ಲ.

ಏಳನೆಯ ಹೆಜ್ಜೆ: ಮಾತ್ರೆಯ ಡಬ್ಬಿಗಳನ್ನು ಮೇಜಿನ ಮೇಲಿಡುವುದು

ಮನೆಯಲ್ಲಿರುವ, ವೈದ್ಯರು ಬರೆದುಕೊಡದ ಎಲ್ಲ ಜೀವಸತ್ವದ ಮಾತ್ರೆ, ಪುಡಿ, ಕಷಾಯಗಳನ್ನು ಒಂದೆಡೆ ಇಟ್ಟು, ಅವುಗಳ ಲೇಬಲ್ ಓದಿರಿ. ವಿಟಮಿನ್ ಇ ಇರುವುದನ್ನು ಮೊದಲು ಹುಡುಕಿರಿ. ಈ ಸಲಹೆಗೆ ಹಿನ್ನೆಲೆಯಾದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ 1985ರಿಂದ 1993ರವರೆಗೆ ನಡೆದ ಪ್ರಯೋಗವೊಂದರ ಉದ್ದೇಶ ಶ್ವಾಸಕೋಶದ ಕ್ಯಾನ್ಸರ್ ತಡೆಯುವುದಾಗಿತ್ತು. ಅದು ಕೈಗೂಡಲಿಲ್ಲ, ಬದಲಾಗಿ ಬೀಟಾ ಕೆರೋಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಯಿತು. ಆದರೆ ವಿಟಮಿನ್ ಇ ನುಂಗಿದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 32ರಷ್ಟು ಕಡಿಮೆ ಇದ್ದದ್ದು ಅನಿರೀಕ್ಷಿತವಾಗಿ ಕಂಡಿತು. ಇದು ನಿಜವೇ ಎಂದು ತಿಳಿಯಲು 2001ರಲ್ಲಿ ಅಮೆರಿಕ, ಕೆನಡಾ, ಪೋರ್ಟೊರಿಕೊಗಳಲ್ಲಿ 35,533 ಆರೋಗ್ಯವಂತ ಗಂಡಸರ ಮೇಲೆ ‘ಸೆಲೆಕ್ಟ್’ ಎಂಬ ಭಾರಿ ಪ್ರಯೋಗ ಆರಂಭವಾಯಿತು. ಕೆಲವರಿಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಇ, ಕೆಲವರಿಗೆ ಸೆಲೆನಿಯಂ ಎಂಬ ಖನಿಜ, ಕೆಲವರಿಗೆ ಎರಡೂ, ಉಳಿದವರಿಗೆ ಸತ್ವವಿಲ್ಲದ ಮಾತ್ರೆ. ಯಾವ ಪ್ರಯೋಜನವೂ ಕಾಣದೆ 2008ರಲ್ಲಿ ಮಾತ್ರೆಗಳನ್ನು ನಿಲ್ಲಿಸಿದರು. ಸ್ವಯಂಸೇವಕರನ್ನು ಆ ಬಳಿಕವೂ ಗಮನಿಸುತ್ತ ಹೋದಾಗ, 2011ರ ವರದಿಯ ಪ್ರಕಾರ, ವಿಟಮಿನ್ ಇ ಮಾತ್ರ ನುಂಗಿದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚಾಗಿತ್ತು: ಏಳು ವರ್ಷಗಳಲ್ಲಿ ಪ್ರತಿ ಸಾವಿರ ಮಂದಿಯಲ್ಲಿ ಸತ್ವವಿಲ್ಲದ ಮಾತ್ರೆಯವರಲ್ಲಿ 65, ವಿಟಮಿನ್ ಇ ಗುಂಪಿನಲ್ಲಿ 76. ದೇಹದಲ್ಲಿ ಮೊದಲೇ ಸೆಲೆನಿಯಂ ಸಾಕಷ್ಟಿದ್ದವರು ಅದರ ಮಾತ್ರೆಯನ್ನೂ ತೆಗೆದುಕೊಂಡಾಗ ಉಗ್ರ ಬಗೆಯ ಕ್ಯಾನ್ಸರ್ ಹೆಚ್ಚಿದ್ದು ಮುಂದಿನ ವಿಶ್ಲೇಷಣೆಯಲ್ಲಿ ಹೊರಬಂದಿತು. ಶೇಂಗಾ, ಎಣ್ಣೆಬೀಜ, ಸೊಪ್ಪುಗಳಲ್ಲಿ ಸಹಜವಾಗಿರುವ ವಿಟಮಿನ್ ಇ ಬಗ್ಗೆ ಇಂಥ ಆತಂಕವಿಲ್ಲ. ಕೂದಲಿಗೆ, ಚರ್ಮಕ್ಕೆ ಒಳ್ಳೆಯದೆಂದು ನಮ್ಮಲ್ಲಿ ಔಷಧದ ಅಂಗಡಿಯಿಂದ ತಾವೇ ಕೊಂಡು ನುಂಗುವ ಹಸಿರು ಕ್ಯಾಪ್ಸೂಲುಗಳ ವಿಷಯ ಹಾಗಲ್ಲ, ಅವು ಸಾಮಾನ್ಯವಾಗಿ ಇದೇ 400ರ ಪ್ರಮಾಣದವು.

ಗಿಡಮೂಲಿಕೆಯೆಂಬ ಹೆಸರೂ ಭದ್ರತೆಯ ಮುದ್ರೆಯಲ್ಲ. ಪ್ರಾಸ್ಟೇಟ್ ಕ್ಯಾನ್ಸರಿಗೆಂದೇ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ‘ಪಿಸಿ ಸ್ಪೆಸ್’ ಎಂಬ ಮೂಲಿಕೆಗಳ ಮಿಶ್ರಣದಲ್ಲಿ ರಕ್ತ ತೆಳುಮಾಡುವ ವಾರ್ಫರಿನ್ ಔಷಧವೂ, ಸ್ತ್ರೀ ಹಾರ್ಮೋನಿನಂತೆ ಕೆಲಸ ಮಾಡುವ ಕೃತಕ ರಾಸಾಯನಿಕವೂ ಬೆರೆತಿರುವುದು ಪತ್ತೆಯಾಗಿ 2002ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ನಮ್ಮಲ್ಲಿ ಕ್ಯಾನ್ಸರಿಗೆ ಮದ್ದೆಂದು ಹಬ್ಬಿರುವ ಲಕ್ಷ್ಮಣಫಲದ ಎಲೆಯ ಕಷಾಯಕ್ಕೂ ಮನುಷ್ಯರಲ್ಲಿ ಪುರಾವೆಯಿಲ್ಲ; ಅದರಲ್ಲಿರುವ ಅನೋನಾಸಿನ್ ಎಂಬ ವಸ್ತು ನರಕೋಶಗಳಿಗೆ ವಿಷಕಾರಿ, ಅದನ್ನು ಬಹಳವಾಗಿ ಬಳಸುವ ಕೆರಿಬಿಯನ್ ದ್ವೀಪ ಗ್ವಾಡೆಲೂಪ್‌ನಲ್ಲಿ ಪಾರ್ಕಿನ್ಸನ್ ಹೋಲುವ ಕಾಯಿಲೆಯ ಜೊತೆ ಅದರ ನಂಟನ್ನು ವೈದ್ಯರು ಗುರುತಿಸಿದ್ದಾರೆ. ಹಸಿರು ಚಹಾದ ಮತ್ತು ಅರಿಸಿನದ ಸಾರವನ್ನು ಸಾಂದ್ರಗೊಳಿಸಿದ ಕ್ಯಾಪ್ಸೂಲುಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ. ಸಾರಿಗೆ ಹಾಕುವ ಚಿಟಿಕೆ ಅರಿಸಿನಕ್ಕೆ ಈ ಮಾತು ಅನ್ವಯಿಸದು.

ಕಾಫಿ, ಮದ್ಯ, ಬೀಡಿ

ಕಾಫಿ ಹೆಚ್ಚು ಕುಡಿಯುವವರಲ್ಲಿ ಈ ಕ್ಯಾನ್ಸರ್ ಸ್ವಲ್ಪ ಕಡಿಮೆಯೆಂದು ಹಲವು ಅಧ್ಯಯನಗಳು ಹೇಳುತ್ತವೆ, ಕಾಫಿಯೇ ಕಾರಣವೆಂದು ಯಾವುದೂ ಸಾಬೀತು ಮಾಡಿಲ್ಲ. ಚಿಕ್ಕಮಗಳೂರು, ಕೊಡಗಿನವರು ಸಂತೋಷಪಡಬಹುದು, ಸಕ್ಕರೆಯನ್ನು ಎಣಿಸುತ್ತ. ಮದ್ಯಕ್ಕೆ ಬಾಯಿ, ಅನ್ನನಾಳ, ಯಕೃತ್ತಿನ ಕ್ಯಾನ್ಸರುಗಳ ಜೊತೆಗಿನ ನಂಟು ಖಚಿತವಾಗಿರುವುದರಿಂದ ಪ್ರಾಸ್ಟೇಟಿನ ವಿಷಯಕ್ಕಾಗಿ ಕಾಯಬೇಕಿಲ್ಲ. ಬೀಡಿ ಸಿಗರೇಟು ಸೇದುವವರು ಪ್ರಾಸ್ಟೇಟ್ ಕ್ಯಾನ್ಸರ್ ಬಂದಾಗ ಅದರಿಂದ ಸಾಯುವ ಸಂಭವ ಹೆಚ್ಚು.

ಎಂಟನೆಯ ಹೆಜ್ಜೆ: ಪಥ್ಯದ ಹೆಸರಿನಲ್ಲಿ ಪರೀಕ್ಷೆ ಮುಂದೂಡದಿರುವುದು

ಆರಂಭದ ಹಂತದಲ್ಲಿ ಈ ಕ್ಯಾನ್ಸರ್ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ರಾತ್ರಿ ಪದೇಪದೇ ಮೂತ್ರಕ್ಕೆ ಏಳುವುದು, ಧಾರೆ ಸಣ್ಣದಾಗುವುದು ಹೆಚ್ಚಿನವರಲ್ಲಿ ವಯಸ್ಸಿಗೆ ತಕ್ಕಂತೆ ಗ್ರಂಥಿ ದಪ್ಪವಾದದ್ದರ ಗುರುತು, ಕ್ಯಾನ್ಸರಿನದಲ್ಲ. ಆದರೂ ವೈದ್ಯರಿಗೆ ತೋರಿಸಬೇಕು. ಮೂತ್ರದಲ್ಲಿ ರಕ್ತ ಕಂಡರೆ, ಬೆನ್ನು ಅಥವಾ ಸೊಂಟದ ಮೂಳೆಯಲ್ಲಿ ಬಿಡದ ನೋವಿದ್ದರೆ ತಡಮಾಡಬಾರದು. 50 ದಾಟಿದವರು, ಕುಟುಂಬದಲ್ಲಿ ಈ ರೋಗವಿದ್ದರೆ 45 ದಾಟಿದವರು, ಪಿಎಸ್‌ಎ ರಕ್ತಪರೀಕ್ಷೆಯ ಲಾಭ ನಷ್ಟಗಳನ್ನು ವೈದ್ಯರ ಜೊತೆ ಕೂತು ಮಾತಾಡಬೇಕು. ಲಾಭದಷ್ಟೇ ನಷ್ಟವನ್ನೂ ಕೇಳಬೇಕು, ಏಕೆಂದರೆ ಎಂದೂ ಕಾಡದಿದ್ದ ಗಡ್ಡೆಯನ್ನು ಪತ್ತೆಹಚ್ಚಿ ಅನಗತ್ಯ ಚಿಕಿತ್ಸೆಗೆ ಎಳೆಯುವುದೂ ಉಂಟು. ಹೋಗುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ. ಗ್ರಂಥಿಯ ಊತಕ್ಕೂ ಕೂದಲು ಉದುರುವುದಕ್ಕೂ ಕೊಡುವ ಫಿನಾಸ್ಟರೈಡ್ ಔಷಧವು ಪಿಎಸ್‌ಎ ಅಂಕವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಇದು ಗೊತ್ತಿಲ್ಲದಿದ್ದರೆ ವೈದ್ಯರೂ ಮೋಸಹೋಗಬಹುದು.

ರೋಗ ಪತ್ತೆಯಾದವರಿಗೆ

ಈಗಾಗಲೇ ಕ್ಯಾನ್ಸರ್ ಪತ್ತೆಯಾದವರು ಮೇಲಿನ ಹೆಜ್ಜೆಗಳನ್ನು ಹಾಗೆಯೇ ಅನುಸರಿಸಬಾರದು, ಏಕೆಂದರೆ ಚಿಕಿತ್ಸೆಗೆ ತಕ್ಕಂತೆ ಲೆಕ್ಕ ಬದಲಾಗುತ್ತದೆ. ಶಸ್ತ್ರಚಿಕಿತ್ಸೆಯಿಲ್ಲದೆ ನಿಗಾದಲ್ಲಿ ಮಾತ್ರ ಇದ್ದ 478 ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ತರಕಾರಿ ಹೆಚ್ಚು ತಿನ್ನುವಂತೆ ಸಲಹೆ ಕೊಟ್ಟು ಎರಡು ವರ್ಷ ಗಮನಿಸಿದ ಅಮೆರಿಕದ ಪ್ರಯೋಗವೊಂದರಲ್ಲಿ, 2020ರ ವರದಿಯಂತೆ, ರೋಗ ಮುಂದುವರಿಯುವ ವೇಗ ತಗ್ಗಲಿಲ್ಲ. ಆದ್ದರಿಂದ ಊಟದ ಬದಲಾವಣೆಯನ್ನು ಚಿಕಿತ್ಸೆಯ ಬದಲಿಗೆ ಇಟ್ಟುಕೊಳ್ಳುವಂತಿಲ್ಲ. ಹಾರ್ಮೋನ್ ತಗ್ಗಿಸುವ ಚಿಕಿತ್ಸೆಯಲ್ಲಿರುವವರಲ್ಲಿ ಮೂಳೆ ಸವೆಯುತ್ತದೆ, ಸ್ನಾಯು ಕರಗುತ್ತದೆ, ಹೊಟ್ಟೆಯ ಕೊಬ್ಬು ಏರುತ್ತದೆ, ಸಕ್ಕರೆ ಕಾಯಿಲೆ ಮತ್ತು ಹೃದಯದ ತೊಂದರೆ ಹತ್ತಿರವಾಗುತ್ತವೆ. ಇವರಿಗೆ ಊಟವೂ ಮಾತ್ರೆಯೂ ಸೇರಿ ದಿನಕ್ಕೆ 1000ರಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಒದಗುವಂತೆ ನೋಡಿಕೊಳ್ಳುವುದು, ಡಿ ಜೀವಸತ್ವದ ಮಟ್ಟವನ್ನು ಪರೀಕ್ಷಿಸುವುದು, ಪ್ರತಿ ಊಟದಲ್ಲೂ ಕಾಳು, ಮೊಟ್ಟೆ, ಮೀನು ಅಥವಾ ಮೊಸರಿನ ರೂಪದಲ್ಲಿ ಪ್ರೋಟೀನ್ ಇರುವುದು, ದಿನವೂ ಬಿರುಸಾಗಿ ನಡೆಯುವುದು ಮತ್ತು ವಾರಕ್ಕೆ ಎರಡು ಮೂರು ದಿನ ಸ್ನಾಯುಗಳಿಗೆ ಭಾರ ಕೊಡುವ ವ್ಯಾಯಾಮ ಮಾಡುವುದು ಮುಖ್ಯ. ಹಸಿವೇ ಇಲ್ಲದೆ ತೂಕ ಇಳಿಯುತ್ತಿರುವ ರೋಗಿಗೆ ತೂಕ ಇಳಿಸುವ ಸಲಹೆ ಕೊಡಬಾರದು. ಅವರ ಊಟದ ಪಟ್ಟಿಯನ್ನು ಚಿಕಿತ್ಸೆ ನೀಡುತ್ತಿರುವ ಆಸ್ಪತ್ರೆಯ ಆಹಾರತಜ್ಞರಿಂದಲೇ ಬರೆಸಿಕೊಳ್ಳಬೇಕು.